ಆಳೆತ್ತರದ ಮೇಣದಬತ್ತಿ

ನಿನ್ನೆ ಕೆ.ಆರ್. ನಗರದ ಹತ್ತಿರದ ದೋರನಹಳ್ಳಿ ಚರ್ಚಿಗೆ ಹೋಗಿದ್ದೆ. ಜೂನ್ 13, ಸಂತ ಅಂತೋಣಿಯವರ ಹಬ್ಬ. ಕೆ.ಆರ್. ನಗರದ ಕಡೆಯವರಿಗೆ ನಾನೇನೂ ಹೇಳಬೇಕಾಗಿಲ್ಲ. ಆ ದಿನ ಅಲ್ಲಿ ಕ್ರೈಸ್ತರು ಯಾರು, ಅಲ್ಲದವರು ಯಾರು ಅಂತ ಗೊತ್ತೇ ಆಗುವುದಿಲ್ಲ. ಹೊಲ ಉಳುವಾಗ ರೈತನಿಗೆ ಅಂತೋಣಿಯವರ ವಿಗ್ರಹ ಸಿಕ್ಕ ಕಥೆಯನ್ನು ಎಲ್ಲ ಜಾತಿಯ ಅಜ್ಜಿಯರೂ ತಮ್ಮ ಮನೆಯದೇ ಎಂಬಂತೆ ಹೇಳುತ್ತಾರೆ. ಖುಷಿಯಾಗಿ ಹೋದವನು ತಲೆ ಕೆಡಿಸಿಕೊಂಡು ಬಂದೆ.

ಕ್ಯೂನಲ್ಲಿ ನಮ್ಮ ಬೀದಿಯವರೊಬ್ಬರು ಸಿಕ್ಕರು. ಕೈಯಲ್ಲಿ ಆಳೆತ್ತರದ ಮೇಣದಬತ್ತಿ. ಮಗ ಫೋಟೋ ಹೊಡೆಯುತ್ತಿದ್ದ. ‘2021ರ ಹರಕೆ ಸಾರ್, ಇವತ್ತು ತೀರಿಸಿಬಿಟ್ಟೆ’ ಅಂದರು.

ಆ ಹರಕೆ ನನಗೆ ಗೊತ್ತು. ಆ ಮೇ ತಿಂಗಳಲ್ಲಿ ಅವರ ಹೆಂಡತಿ ಆಕ್ಸಿಜನ್ ಮೇಲಿದ್ದಾಗ ಆಸ್ಪತ್ರೆ ಗೇಟಿನ ಹೊರಗೆ ಅವರ ಪಕ್ಕ ನಿಂತಿದ್ದವನು ನಾನೇ. ಈ ಮನುಷ್ಯರದು ಬಡ್ಡಿ ವ್ಯವಹಾರ. ‘ಅವಳು ಎದ್ದು ಬಂದ್ರೆ ಬಡ್ಡಿ ಬಿಟ್ಟುಬಿಡ್ತೀನಪ್ಪಾ, ಅಸಲು ಸಾಕು’ ಎಂದು ಜಪಸರ ಹಿಡಿದು ಅತ್ತಿದ್ದರು. ಆಕೆ ಎದ್ದು ಬಂದರು, ದೇವರಿಗೆ ಸ್ತೋತ್ರ. ಬಡ್ಡಿ? ಈಗಲೂ ತಿಂಗಳಿಗೆ ನೂರಕ್ಕೆ ಐದು. ಹೂವು ಮಾರುವವಳ ಮನೆ ಮುಂದೆ ತಿಂಗಳ ಮೊದಲ ವಾರ ಇವರ ಸ್ಕೂಟರ್ ತಪ್ಪದೆ ನಿಲ್ಲುತ್ತದೆ.

ಹೇಳಿದ್ದು ಬಡ್ಡಿ, ಕೊಟ್ಟಿದ್ದು ಬತ್ತಿ.

ಮರೆತಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಬೈಬಲಿನ ಯಕೋಬನೂ ಮರೆತಿದ್ದ. ಬೇತೇಲ್ ಅನ್ನುವ ಜಾಗದಲ್ಲಿ ಹರಕೆ ಹೊತ್ತು ಹೋದವನು 20 ವರ್ಷ ಮಾವನ ಮನೆಯಲ್ಲಿ ದುಡಿದ. ವಾಪಸ್ ಬಂದ ಮೇಲೂ ಬೇರೆ ಊರಲ್ಲಿ ಜಮೀನು ಕೊಂಡು ಕೂತ. ಕೊನೆಗೆ ದೇವರೇ ‘ಎದ್ದು ಬೇತೇಲಿಗೆ ಹೋಗು’ ಅನ್ನಬೇಕಾಯಿತು. ಮರೆವು ಮನುಷ್ಯರಿಗೆ ಸಹಜ. ಆದರೆ ಇದು ಮರೆವಲ್ಲ. ಚೆನ್ನಾಗಿ ನೆನಪಿಟ್ಟುಕೊಂಡು, ಲೆಕ್ಕ ಹಾಕಿ, ಕಷ್ಟದ್ದನ್ನು ಬಿಟ್ಟು ಸಸ್ತಾದ್ದನ್ನು ಕೊಡುವುದು. ಬೈಬಲಿನಲ್ಲೇ ಬರುವ, ಮಕ್ಕಳಿಲ್ಲದ ಹನ್ನಳ ಕಥೆ ನೆನಪಿದೆ ಅಲ್ವಾ? ಮಗ ಹುಟ್ಟಿದರೆ ನಿನಗೇ ಕೊಡುತ್ತೇನೆ ಅಂದಳು. ಹುಟ್ಟಿದ. ಮೊಲೆ ಬಿಡಿಸಿದ ಮೇಲೆ ಆ ಮಗ ಸಮುವೇಲನನ್ನು ಶೀಲೋವಿನ ದೇವರ ಮನೆಗೆ ಕರೆದುಕೊಂಡು ಹೋಗಿ ಬಿಟ್ಟೇ ಬಂದಳು. ಹೋರಿ, ಹಿಟ್ಟು, ದ್ರಾಕ್ಷಾರಸ ಎಲ್ಲವನ್ನೂ ಒಯ್ದಳು. ಆದರೆ ಸಮುವೇಲನ ಬದಲಿಗೆ ಅಲ್ಲ, ಸಮುವೇಲನ ಜೊತೆಗೆ.

‘ದೇವರೇನು ಲೆಕ್ಕ ಬರೆಯೋ ಸಾಹುಕಾರನಾ? ಹೆದರಿಕೇಲಿ ಆಡಿದ ಮಾತು, ಬಿಡಿ’ ಅಂತ ಯಾರೋ ಬರೆಯುತ್ತೀರಿ, ಗೊತ್ತು. ಸರಿ, ಬೈಬಲಿನ ಯೆಫ್ತಾಹ ಹರಕೆಗಾಗಿ ಮಗಳನ್ನೇ ಬಲಿ ಕೊಟ್ಟ ಹಾಗೆ ಹುಚ್ಚು ಹರಕೆಗಳೂ ಇವೆ, ಅಂಥವನ್ನು ತೀರಿಸುವುದೇ ಪಾಪ. ಆದರೆ ಬಡ್ಡಿ ಬಿಟ್ಟರೆ ಯಾರ ಪ್ರಾಣ ಹೋಗುತ್ತದೆ? ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದೆ ಇರುವುದೇ ಮೇಲು ಅಂತ ಬೈಬಲಿನ ಪ್ರಸಂಗಿ ಪುಸ್ತಕದ 5ನೇ ಅಧ್ಯಾಯದಲ್ಲಿದೆ. ಬಾಯಿ ಮುಚ್ಚಿಕೊಂಡು ಸುಮ್ನೆ ಅಳಬಹುದಿತ್ತು. ದೇವರಿಗೆ ಅದೂ ಕೇಳಿಸುತ್ತದೆ.

ಇವತ್ತು ಬೆಳಿಗ್ಗೆ ಪೂಜೆ ಮುಗಿದ ಮೇಲೆ ನಮ್ಮ ಫಾದರ್ ಹತ್ತಿರ ಹೋಗಿ ಕೇಳಿಯೇಬಿಟ್ಟೆ, ಹರಕೆ ಬದಲಾಯಿಸಬಹುದಾ ಅಂತ. ಅವರು ನಕ್ಕು ಧರ್ಮಸಭೆಯ ಕಾನೂನು ಪುಸ್ತಕ ತೆಗೆದರು. 1983ರದ್ದು, 1197ನೇ ವಿಧಿ. ಸ್ವಂತಕ್ಕೆ ಹೊತ್ತ ಹರಕೆಯನ್ನು ನಾವೇ ಬದಲಾಯಿಸಬಹುದು, ಆದರೆ ಅಷ್ಟೇ ಒಳ್ಳೆಯದಕ್ಕೆ, ಇಲ್ಲವೇ ಅದಕ್ಕಿಂತ ಒಳ್ಳೆಯದಕ್ಕೆ. ಚಿಕ್ಕದಕ್ಕೆ ಇಳಿಸಬೇಕಾದರೆ ಗುರುಗಳನ್ನೋ ಮೇಲಿನವರನ್ನೋ ಕೇಳಬೇಕು, ನ್ಯಾಯವಾದ ಕಾರಣ ಇರಬೇಕು. ಅದರಿಂದ ಬೇರೆಯವರ ಹಕ್ಕಿಗೆ ಪೆಟ್ಟೂ ಬೀಳಬಾರದು. ನಾನು ಒಳ್ಳೇ ಹುಮ್ಮಸ್ಸಿನಲ್ಲಿ ‘ನೋಡಿದ್ರಾ!’ ಅಂದೆ. ಫಾದರ್ ಪುಸ್ತಕ ಮುಚ್ಚಿ ‘ನಿಮ್ಮದೇನಾದ್ರೂ ಬಾಕಿ ಇದೆಯಾ?’ ಅಂದರು.

ಇದೆ.

ಅಣ್ಣನಿಗೂ ನನಗೂ ಆದ ಆಸ್ತಿ ಪಾಲಿನ ರಾಮಾಯಣ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. 2014ರಲ್ಲಿ ಮಗಳಿಗೆ ಡೆಂಗ್ಯೂ ಆಗಿ ಪ್ಲೇಟ್‌ಲೆಟ್ 18,000ಕ್ಕೆ ಇಳಿದ ರಾತ್ರಿ, ಇವಳು ಹುಷಾರಾದರೆ ಅಣ್ಣನ ಮನೆಗೆ ನಾನೇ ಹೋಗಿ ಮಾತಾಡಿಸುತ್ತೇನೆ ಅಂದಿದ್ದೆ. ಹುಷಾರಾದಳು. ನಾನು ದೋರನಹಳ್ಳಿಗೆ ಹೋಗಿ ಕಾಣಿಕೆ ಡಬ್ಬಿಗೆ 5,001 ರೂಪಾಯಿ ಹಾಕಿ ಬಂದೆ. ಆಮೇಲೆ ಪ್ರತಿ ವರ್ಷ ಹೋಗುತ್ತಿದ್ದೇನೆ. ಅಣ್ಣನ ಮನೆ ನಮ್ಮ ಮನೆಯಿಂದ 9 ಕಿಲೋಮೀಟರ್. ದೋರನಹಳ್ಳಿ ಅದಕ್ಕಿಂತ ಎಷ್ಟೋ ದೂರ. ದೂರ ಇರುವ ಕಡೆಗೆ ಹೋಗುವುದೇ ಸುಲಭ.

ಆ ಯಕೋಬ ಊರು ಬಿಟ್ಟಿದ್ದೂ ಅಣ್ಣನಿಗೆ ಹೆದರಿಯೇ. ಬೇತೇಲಿನಲ್ಲಿ ಹರಕೆ ಹೊತ್ತಿದ್ದು ಆ ಓಟದ ದಾರಿಯಲ್ಲೇ. ಅಲ್ಲಿಗೆ ಮತ್ತೆ ಕಾಲಿಡುವ ಮೊದಲು ಅವನು ಅಣ್ಣನ ಮುಂದೆ ಏಳು ಸಲ ನೆಲದವರೆಗೂ ಬಗ್ಗಿದ್ದ. ಆ ಅಣ್ಣ ಏಸಾವ ಓಡಿ ಬಂದು ತಬ್ಬಿಕೊಂಡ. ನಮ್ಮಣ್ಣ ತಬ್ಬಿಕೊಳ್ಳುವ ಪೈಕಿ ಅಲ್ಲ, ಬಿಡಿ. ಮೊದಲು ಬಾವಿ ಕಡೆಯ 4 ಗುಂಟೆ ಮಾತೇ ಎತ್ತುತ್ತಾನೆ.

ಮೇಣದಬತ್ತಿಯವರ ಫೋಟೋ ನೆನ್ನೆಯೇ ಬಂದಿದೆ, 140 ಲೈಕ್. ಅದರಲ್ಲಿ ಒಂದು ನನ್ನದು.

ಕಾಮೆಂಟಿನಲ್ಲಿ ‘ಆಮೆನ್’ ಅಂತ ಹಾಕುವವರು ಹಾಕಿ. ಆದರೆ ಸ್ಕ್ರೀನ್‌ಶಾಟ್ ತೆಗೆದು ಅಣ್ಣನಿಗೆ ಮಾತ್ರ ಕಳಿಸಬೇಡಿ. ಭಾನುವಾರ ನಾನೇ ಹೋಗುತ್ತಿದ್ದೇನೆ. ಮಳೆ ಬಂದರೂ.