ಮೂರು ಹಲ್ಲಿನ ಬ್ಲೇಡು

"ಭಟ್ರೇ, ಈ ಬ್ಲೇಡಲ್ಲಿ ಹೊಡೆದ್ರೆ ಹುಲ್ಲು ಕಡಿಯೂದಿಲ್ಲ, ಮಲಗ್ತದೆ ಅಷ್ಟೆ."

ತೋಟದ ಹುಲ್ಲು ಸವರಲು ಬಂದವನು ನನ್ನ ಹುಲ್ಲು ಕಡಿಯುವ ಮಿಷನ್ನನ್ನು ಕಟ್ಟೆಗೆ ಒರಗಿಸಿದ. ಅವನನ್ನು ಹಿಡಿದು ತರುವುದಕ್ಕೇ ನನಗೆ 15 ದಿನ ಬೇಕಾಗಿತ್ತು. ಅತ್ತ ಉದುರಿದ ಅಡಿಕೆ ಹುಲ್ಲಿನೊಳಗೆ ಕಣ್ಣಿಗೇ ಬೀಳುತ್ತಿಲ್ಲ. "ಮಸೀತೀರೋ, ಹೊಸದು ತರ್ತೀರೋ ನೋಡಿ. ನಾ ಚಾ ಕುಡ್ದು ಬರ್ತೆ" ಎಂದು ಹೋದ.

ಶಿರಸಿ ಪೇಟೆಗೆ ಫೋನು ಮಾಡಿದೆ. "ತೂತು 1 ಇಂಚಿಂದಾ? ಮಸೆಯೂದೆಲ್ಲ ಯಾಕೆ, ಬಿಸಾಡಿ. ಈ ಸಲ 80 ಹಲ್ಲಿಂದೇ ತಗೊಂಡೋಗಿ" ಎಂದ ಅಂಗಡಿಯವ. 3 ಹಲ್ಲು ಮಸೆಯಲಾರದವನಿಗೆ 80 ಹಲ್ಲು! ಅದಕ್ಕಿಂತ, ಈ 'ಬಿಸಾಡಿ' ಎಂಬ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಛತ್ರಿಯ ಒಂದು ಕಡ್ಡಿ ಮುರಿದರೆ ಬಿಸಾಡಿ, ಮಿಕ್ಸಿಯ ಬುಷ್ ಸವೆದರೆ ಬಿಸಾಡಿ. ಇದೇ ಜನ ಮಂಡಿ ನೋವು ಬಂದಾಗ ಮಾತ್ರ ಮೂರು ಮೂರು ಡಾಕ್ಟರ ಹತ್ತಿರ ಓಡಿ, ಹೇಗಾದರೂ ಹಳೇದನ್ನೇ ಉಳಿಸಿಕೊಡಿ ಎಂದು ಗೋಗರೆಯುತ್ತಾರೆ. ನನ್ನ ಅಪ್ಪ ಒಂದೇ ಕತ್ತಿಯನ್ನು ಬಚ್ಚಲ ಬದಿಯ ಕಲ್ಲಿಗೆ ಉಜ್ಜಿ ಉಜ್ಜಿ ಕತ್ತಿ ಅರ್ಧವಾಗಿತ್ತು, ಕಲ್ಲು ಹೊಂಡ ಬಿದ್ದಿತ್ತು. ಈಗ ಆ ಹೊಂಡದಲ್ಲಿ ಬೆಕ್ಕು ನೀರು ಕುಡಿಯುತ್ತದೆ.

ಇರಲಿ. ಮಸೆಯುವುದಾದರೂ ಬದಲಿಸುವುದಾದರೂ ಮೊದಲು ಬ್ಲೇಡು ಬಿಚ್ಚಬೇಕಲ್ಲ?

ಮಿಷನ್ನು ತಂದ ವರ್ಷ ಅದನ್ನು ಮೊದಲ ಸಲ ಬಿಚ್ಚಲು ಕೂತದ್ದು, ನನ್ನ ಕೆಟ್ಟ ಬುದ್ಧಿಗೆ, ಅಜ್ಜನ ತಿಥಿಯ ದಿನ. ನಟ್ಟು ಅಲುಗಲಿಲ್ಲ. ಊಟಕ್ಕೆ ಬಂದ ಭಾವ ಪಂಚೆ ಎತ್ತಿ ಕಟ್ಟಿ, "ಸರಿ ಆಚೆ" ಎಂದು ಸ್ಪಾನರು ಕಸಿದುಕೊಂಡ. ಬ್ಲೇಡು ತಿರುಗದಂತೆ ಅದರ ಬುಡದ ತೂತಿಗೆ ಸರಳು ತೂರಿಸಿ ನಾನು ಹಿಡಿದುಕೊಂಡೆ. ಸೀಮೆಎಣ್ಣೆ ಬಿಟ್ಟೆವು. ಸ್ಪಾನರಿಗೆ ಪೈಪು ಸಿಕ್ಕಿಸಿ ಉದ್ದ ಮಾಡಿದೆವು. ಪುರೋಹಿತರು ಮಡಿ ಕೆಡದಂತೆ ದೂರ ನಿಂತು, "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಮಂತ್ರದ ದನಿಯಲ್ಲೇ ಹೇಳಿಕೊಟ್ಟರು. ಒಳಗೆ ವಡೆ ಆರುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ, ಏಳನೆಯ ಕ್ಲಾಸಿನ ಮಗಳು ಮಿಷನ್ನಿನ ಜೊತೆ ಬಂದ ಪುಸ್ತಕ ಹಿಡಿದು ಬಂದು, "ಅಪ್ಪಾ, ಇದು ಉಲ್ಟಾ ಥ್ರೆಡ್ಡಂತೆ" ಎಂದಳು. ಬ್ಲೇಡು ತಿರುಗುವಾಗ ನಟ್ಟು ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರಂತೆ. ಅಷ್ಟು ಹೊತ್ತು ನಾವು ಮೂವರು ಗಂಡಸರು ಸೇರಿ ಅದನ್ನು ಬಿಗಿ ಮಾಡುತ್ತಿದ್ದೆವು! ಕೊನೆಗೆ ಅದು ಬಲಕ್ಕೆ ಕಿರ್ರೆಂದು ಬಂತು. "ನಾವು ಎಡಕ್ಕೆ ಅಲುಗಿಸಿದ್ದಕ್ಕೇ ಬಂದದ್ದು" ಎಂದು ಭಾವ ಇವತ್ತಿಗೂ ಸಾಧಿಸುತ್ತಾನೆ. ಮುಂದಿನ ತಿಥಿಗೆ ಬಂದಾಗಲೂ ಕೈ ತೊಳೆಯುವ ಮುಂಚೆ ಮಿಷನ್ನಿನ ಯೋಗಕ್ಷೇಮ ವಿಚಾರಿಸಿದ.

ಇವತ್ತು ಬಲಕ್ಕೇ ತಿರುಗಿಸಿ ಬಿಚ್ಚಿದೆ. ಎರಡು ಹಲ್ಲು ಮೊಂಡು, ಮೂರನೆಯದಕ್ಕೆ ಜಂಬಿಟ್ಟಿಗೆ ಕಲ್ಲು ತಾಗಿ ಮುಕ್ಕು. ಇನ್ನೊಂದು ಬದಿಯ ಬಾಯಿ ಸಿಗಲೆಂದು ಮಗುಚಿ ಹಾಕೋಣವೆಂದರೆ ಆಷಾಢದಲ್ಲೇ ಮಗುಚಿ ಆಗಿದೆ. ಹೋದ ವರ್ಷ ಒಂದನ್ನು ಮಸೆಯಲು ಗ್ರೈಂಡರಿಗೆ ಹಿಡಿದಿದ್ದೆ. ಕಬ್ಬಿಣ ಕಾದು ನೀಲಿಗೆ ತಿರುಗಿ ಹದ ಹೋಯಿತು, ಮೂರೇ ದಿನಕ್ಕೆ ಬಾಯಿ ಸತ್ತಿತು. ಸಾಲದ್ದಕ್ಕೆ ಒಂದು ಹಲ್ಲು ಹೆಚ್ಚು ಸವೆದು ತೂಕ ತಪ್ಪಿ, ಮಿಷನ್ನು ಮೈಮೇಲೆ ಬಂದವರಂತೆ ನಡುಗಿತು. ಕೈ ಜೋಮು ಹಿಡಿಯಿತೆಂದು ಇವನೇ 100 ರೂಪಾಯಿ ಹೆಚ್ಚು ಕೇಳಿದ್ದ.

ಹಾಗಾದರೆ ಹೊಸದೇ ಸರಿ. ಆದರೆ ಕೊಟ್ಟಿಗೆಯ ಮೊಳೆಯಲ್ಲಿ ಇಂಥವೇ ಐದು ಹಳೆಯ ಬ್ಲೇಡು ನೇತಾಡುತ್ತಿವೆ, ಮಸೆದರೆ ಆದೀತು ಎಂದು ಇಟ್ಟವು. ಆರನೆಯದನ್ನೂ ನೇತುಹಾಕಲು ಮನಸ್ಸು ಬರಲಿಲ್ಲ. ಅರ ಹುಡುಕಿ ತಂದು ಜಗಲಿಯಲ್ಲಿ ಕೂತೆ. ಮೊದಲ ಹಲ್ಲು ಒಂದು ಹದಕ್ಕೆ ಬರುವಾಗ ಚಾ ಕುಡಿಯಲು ಹೋದವನು ಬಂದ. ನನ್ನನ್ನು, ಬ್ಲೇಡನ್ನು, ಸೂರ್ಯನನ್ನು ನೋಡಿದ.

"ಇನ್ನೂ ಎರಡು ಅದೆಯಲ್ಲ? ಹಂಗಾರೆ ನಾ ನಾಳೆ ಬರ್ತೆ."

ಅವನ ನಾಳೆಗೆ ಇನ್ನೂ 15 ದಿನವಿದೆ. ನಿಧಾನಕ್ಕೆ ಎರಡನೆಯ ಹಲ್ಲು ಹಿಡಿದೆ.