ಸತ್ಯಾಂಶ: ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಮತ ಹಾಕುವವರು ಯಾರು?

‘ಅಭಿಮಾನಿಗಳ ಆನ್‌ಲೈನ್ ಮತದಲ್ಲಿ ಗೆದ್ದವರೇ ಹಾಲ್ ಆಫ್ ಫೇಮ್ (ಬೇಸ್‌ಬಾಲ್‌ನ ಶ್ರೇಷ್ಠರಿಗೆ ಗೌರವ ನೀಡುವ ಸಂಸ್ಥೆ) ಸೇರುತ್ತಾರೆ’ ಎಂಬ ಫಾರ್ವರ್ಡ್ ನಿಜವಲ್ಲ. ಅಭಿಮಾನಿಗಳು ಮತ ಹಾಕುವುದು ಆಲ್‌ಸ್ಟಾರ್ ಪಂದ್ಯಕ್ಕೆ, ಅಂದರೆ ತಾರಾ ಆಟಗಾರರ ಪ್ರದರ್ಶನ ಪಂದ್ಯಕ್ಕೆ. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲೇ.

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ಈ ಸಂಸ್ಥೆಗೆ ಆಟಗಾರರನ್ನು ಮುಖ್ಯವಾಗಿ ಆರಿಸುವುದು ಬೇಸ್‌ಬಾಲ್ ವರದಿಗಾರರ ಸಂಘ. ಅದರಲ್ಲೂ ಸತತ 10 ವರ್ಷ ಸದಸ್ಯರಾಗಿದ್ದವರಿಗಷ್ಟೇ ಮತದ ಹಕ್ಕು. ಆಟಗಾರ ಕನಿಷ್ಠ 10 ಋತು ಆಡಿ, ನಿವೃತ್ತನಾಗಿ ಐದು ವರ್ಷ ಕಳೆದಿರಬೇಕು. ಒಬ್ಬ ವರದಿಗಾರ ಹೆಚ್ಚೆಂದರೆ 10 ಹೆಸರಿಗೆ ಗುರುತು ಹಾಕಬಹುದು. ಯಾರಿಗೂ ಹಾಕದೆ ಖಾಲಿ ಮತಪತ್ರ ಕಳಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ!

ಗೆಲ್ಲಲು ಬೇಕಾದದ್ದು ಶೇ 75. ಇದು ಸುಲಭದ ಮಾತಲ್ಲ. ದಂತಕಥೆಯಾದ ಆಟಗಾರ ಬೇಬ್ ರೂತ್‌ಗೇ 1936ರಲ್ಲಿ 226ರಲ್ಲಿ 215 ಮತ ಬಿದ್ದವು. ಉಳಿದ ಹನ್ನೊಂದು ಮಂದಿಗೆ ಏನು ಕೊರತೆ ಕಂಡಿತೋ! ಎಲ್ಲ ಮತಗಳನ್ನೂ ಪಡೆದ ಮೊದಲಿಗ ಮರಿಯಾನೊ ರಿವೇರಾ, ಅದೂ 2019ರಲ್ಲಿ. 2025ರಲ್ಲಿ ಇಚಿರೊ ಸುಜುಕಿಗೆ ಒಂದೇ ಒಂದು ಮತ ತಪ್ಪಿತು.

ಶೇ 5ಕ್ಕಿಂತ ಕಡಿಮೆ ಬಂದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಹತ್ತು ವರ್ಷವಾದರೂ ಗೆಲ್ಲದಿದ್ದರೆ ವರದಿಗಾರರ ಮತದ ದಾರಿ ಅಲ್ಲಿಗೆ ಮುಗಿಯಿತು.

‘ಖ್ಯಾತ ಬ್ಯಾಟರ್ ಬ್ಯಾರಿ ಬಾಂಡ್ಸ್‌ಗೆ ಹಾಲ್ ಆಫ್ ಫೇಮ್‌ನಿಂದ ನಿಷೇಧವಿದೆ’ ಎನ್ನುವುದೂ ಸುಳ್ಳು. ಉದ್ದೀಪನ ಮದ್ದಿನ ಆರೋಪದ ನೆರಳಿದ್ದರೂ ಹತ್ತು ಬಾರಿ ಅವರ ಹೆಸರು ಪಟ್ಟಿಯಲ್ಲಿತ್ತು. 2022ರ ಕೊನೆಯ ಯತ್ನದಲ್ಲಿ ಶೇ 66ಕ್ಕೆ ನಿಂತರು. ಅಂಥವರ ಹೆಸರನ್ನು ಆಮೇಲೆ 16 ಸದಸ್ಯರ ಸಮಿತಿಯೊಂದು ಪರಿಶೀಲಿಸಬಹುದು. ಅಲ್ಲಿ 12 ಮತ ಬೇಕು.