ಕೊಲೆ ಕತೆಗೆ ಯಾವ ಚಾಕೊಲೇಟ್ ಒಳ್ಳೆಯದು?

ಮಳೆ ಹಿಡಿದರೆ ನನಗೆ ಒಂದೇ ಚಟ. ಭಾನುವಾರ ಊಟ ಮುಗಿಸಿ, ಒಂದು ಕೋಝಿ ಮಿಸ್ಟರಿ ಹಿಡಿದು ಕಿಟಕಿ ಪಕ್ಕ ಕೂರುವುದು. ಓದದವರಿಗೆ ಹೇಳುತ್ತೇನೆ, ಇದೂ ಕೊಲೆ ಕತೆಯೇ, ಆದರೆ ರಕ್ತ ಹರಿಯುವುದಿಲ್ಲ. ಚಿಕ್ಕ ಊರು, ಎಲ್ಲರ ಮನೆ ವಿಷಯ ಎಲ್ಲರಿಗೂ ಗೊತ್ತು. ಪತ್ತೆ ಮಾಡುವವರು ಪೊಲೀಸರಲ್ಲ, ಪಕ್ಕದ ಮನೆ ಅಜ್ಜಿಯೋ ಬೇಕರಿ ಇಟ್ಟವಳೋ ಆಗಿರುತ್ತಾರೆ. ಒಂದು ಹೆಣ ಬೀಳುತ್ತದೆ, ಆಮೇಲೆ ಎಲ್ಲರೂ ಕೂತು ಟೀ ಕುಡಿಯುತ್ತಾರೆ.

ಇದರ ಜೊತೆ ಬಾಯಾಡಿಸಲು ಚಾಕೊಲೇಟ್ ಬೇಕು. ಅದರಲ್ಲಿ ಜಗಳವಿಲ್ಲ. ಯಾವ ಪುಸ್ತಕಕ್ಕೆ ಯಾವ ಸಿಹಿ ಅನ್ನುವುದರಲ್ಲೇ ನನ್ನ ತಕರಾರು. ಓದುವ ಗೆಳತಿಯರು ಸುಮಾರು ಜನ ಹೆಸರು ನೋಡಿ ಜೋಡಿ ಮಾಡುತ್ತಾರೆ. ಹೆಸರಲ್ಲಿ ಕುಕ್ಕಿ ಇದ್ದರೆ ಕುಕ್ಕಿ, ಕಪ್‌ಕೇಕ್ ಇದ್ದರೆ ಕಪ್‌ಕೇಕ್. ಇದು ಲಗ್ನಪತ್ರಿಕೆಯ ಅಕ್ಷರ ಚೆನ್ನಾಗಿದೆ ಅಂತ ಹುಡುಗನನ್ನು ಒಪ್ಪಿದ ಹಾಗಾಯಿತು. ನನ್ನ ಪ್ರಕಾರ ನೋಡಬೇಕಾದ್ದು ಕತೆಯೊಳಗಿನ ಅಡುಗೆಮನೆ. ಆ ತಿಂಡಿ ಯಾರು ಮಾಡಿದರು, ಯಾರ ಕೈಯಿಂದ ಯಾರ ಕೈಗೆ ಹೋಯಿತು? ಇಂಥ ಪುಸ್ತಕಗಳಲ್ಲಿ ಅರ್ಧ ಗುಟ್ಟು ಇರುವುದೇ ಅಲ್ಲಿ. ಇನ್ನೊಂದು, ಸಿಹಿಯನ್ನು ನೀವೇ ಮಾಡಬೇಕು. ಅಂಗಡಿಯಿಂದ ತಂದರೆ ಮಜಾ ಇಲ್ಲ.

ಜೋಆನ್ ಫ್ಲೂಕ್ ಅವರ ಹಾನ್ನಾ ಸ್ವೆನ್ಸನ್ ಸರಣಿಯಲ್ಲಿ ಈ ಕೆಲಸವೇ ಉಳಿದಿಲ್ಲ. 2000ದಲ್ಲಿ ಬಂದ ಮೊದಲ ಪುಸ್ತಕದ ಹೆಸರೇ ಚಾಕೊಲೇಟ್ ಚಿಪ್ ಕುಕ್ಕಿ ಮರ್ಡರ್. ಅಮೆರಿಕದ ಮಿನ್ನೆಸೋಟಾದ ಒಂದು ಸಣ್ಣ ಊರು, ಅಲ್ಲೊಂದು ಕುಕ್ಕಿ ಅಂಗಡಿ. ರೆಸಿಪಿಯೂ ಕತೆಯ ಜೊತೆಗೇ ಬರುತ್ತದೆ. ಕೊಲೆಗಾರ ಯಾರು ಅಂತ ಎದೆ ಢವಢವ ಅನ್ನುವಾಗ ಎಷ್ಟು ಕಪ್ ಸಕ್ಕರೆ ಅಂತ ಓದುವುದು ನನಗೆ ಆಗಿಬರುವುದಿಲ್ಲ. ಮೇಲಾಗಿ ಕುಕ್ಕಿಯ ಪುಡಿ ಪುಟದ ಸಂದಿಗೆಲ್ಲ ಹೋಗುತ್ತದೆ.

ನನ್ನ ಮೆಚ್ಚಿನ ಜೋಡಿ ಅಂದರೆ ಅಗಾಥಾ ಕ್ರಿಸ್ಟಿಯ ಎ ಮರ್ಡರ್ ಈಸ್ ಅನೌನ್ಸ್ಡ್, ಅದರೊಳಗೇ ಬರುವ ಚಾಕೊಲೇಟ್ ಕೇಕ್. ಪುಸ್ತಕ ಬಂದದ್ದು 1950ರಲ್ಲಿ. ಯುದ್ಧ ಮುಗಿದು ಐದು ವರ್ಷವಾದರೂ ಇಂಗ್ಲೆಂಡಿನಲ್ಲಿ ಇನ್ನೂ ರೇಷನ್. ಅಲ್ಲಿ ಚಾಕೊಲೇಟು, ಮಿಠಾಯಿ, ಸಕ್ಕರೆ ರೇಷನ್ನಿನಿಂದ ಬಿಡುಗಡೆಯಾದದ್ದೇ 1953ರಲ್ಲಿ. ಅಂಥ ಕಾಲದಲ್ಲಿ ಮನೆಯಲ್ಲೊಂದು ಹುಟ್ಟುಹಬ್ಬ. ಯುರೋಪಿನಿಂದ ಓಡಿಬಂದ ಅಡುಗೆಯವಳು ಮಿಟ್ಸಿ ಕೇಕ್ ಮಾಡಬೇಕು. ಬೆಣ್ಣೆ ಇಲ್ಲ, ಸಕ್ಕರೆ ಇಲ್ಲ ಅಂತ ಅವಳ ಗೋಳು. ಕೊನೆಗೆ ಅಮೆರಿಕದಿಂದ ಬಂದ ಬೆಣ್ಣೆ ಡಬ್ಬಿ, ಕ್ರಿಸ್ಮಸ್‌ಗೆ ಅಂತ ಎತ್ತಿಟ್ಟ ದ್ರಾಕ್ಷಿ ಎಲ್ಲ ಹೊರಗೆ ಬರುತ್ತವೆ. ಮನೆಯ ತುಂಟ ಹುಡುಗ ಆ ಕೇಕಿಗೆ ಡೆಲಿಷಿಯಸ್ ಡೆತ್ ಅಂತ ಹೆಸರಿಡುತ್ತಾನೆ. ರುಚಿಯಾದ ಸಾವು! ಮುಂದಿನದು ಹೇಳುವುದಿಲ್ಲ, ಓದಿ.

ನಾನು ಮಾಡುವುದು ಹೀಗೆ. 200 ಗ್ರಾಂ ಡಾರ್ಕ್ ಚಾಕೊಲೇಟ್, 150 ಗ್ರಾಂ ಬೆಣ್ಣೆ ಕರಗಿಸಿ. 4 ಮೊಟ್ಟೆ, 150 ಗ್ರಾಂ ಸಕ್ಕರೆಯನ್ನು ನೊರೆ ಬರುವ ತನಕ ಕಡೆದು ಅದಕ್ಕೆ ಸೇರಿಸಿ. ಮೈದಾ ಬೇಡ, 100 ಗ್ರಾಂ ಗೋಡಂಬಿ ಪುಡಿ ಸಾಕು. ಒಂದು ಹಿಡಿ ಒಣದ್ರಾಕ್ಷಿ. 170 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯ ಒಳಗೇ ಆಗುತ್ತದೆ. ಅವತ್ತೇ ಮುಟ್ಟಬೇಡಿ. ಮರುದಿನಕ್ಕೆ ಅದು ಹಲ್ವದ ಹಾಗೆ ಗಟ್ಟಿಯಾಗಿ, ಚಾಕು ಹಾಕಿದರೆ ಅಂಟಿಕೊಂಡು ಬರುತ್ತದೆ.

ಮೊದಲ ಸಲ ಮಾಡಿದಾಗ ನನ್ನ ಕತೆ ಮಿಟ್ಸಿಗಿಂತ ಕಡೆ. ಬಿಸಿನೀರಿನ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸುತ್ತಿದ್ದೆ. ಒದ್ದೆ ಚಮಚ ಹಾಕಿದೆ, ಅಷ್ಟೇ. ಹೊಳೆಯುತ್ತಿದ್ದದ್ದು ಕಣ್ಣೆದುರೇ ಮರಳು ಮರಳಾಗಿ ಮುದ್ದೆಗಟ್ಟಿತು. ಎರಡು ಹನಿ ನೀರು ಸಾಕು, ಕೋಕೋ ಪುಡಿಯೂ ಸಕ್ಕರೆಯೂ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಇನ್ನೂ ಜಾಸ್ತಿ ಬಿಸಿ ಹಾಲು ಹಾಕಿದರೆ ಬಿಟ್ಟುಕೊಳ್ಳುತ್ತದೆ, ಆದರೆ ಅದು ಸಾಸ್ ಆಗುತ್ತದೆ, ಕೇಕಿಗೆ ಬರುವುದಿಲ್ಲ. ಅಷ್ಟು ಚಾಕೊಲೇಟ್ ಹಾಳಾದಾಗ ಮಿಟ್ಸಿ ಯಾಕೆ ಹಾಗೆ ಕೂಗಾಡುತ್ತಾಳೆ ಅಂತ ಅರ್ಥವಾಯಿತು. ಓದುವಾಗ ಅವಳನ್ನು ಸುಮ್ನೆ ತಮಾಷೆ ಪಾತ್ರ ಅಂದುಕೊಂಡಿದ್ದೆ.

ಕ್ರಿಸ್ಟಿಯ ಮೊದಲ ಕಾದಂಬರಿ ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್‌ಗೆ ಕೇಕ್ ಬೇಡ, ಒಂದು ಲೋಟ ಬಿಸಿ ಕೋಕೋ ಸಾಕು. 1920ರಲ್ಲಿ ಬಂದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದವಳು ಆಕೆ, ವಿಷದ ವಿಚಾರ ಚೆನ್ನಾಗಿ ಗೊತ್ತು. ಕತೆಯಲ್ಲಿ ರಾತ್ರಿ ಕುಡಿದ ಕೋಕೋ ಮೇಲೆ ಅನುಮಾನ ಬರುತ್ತದೆ. ಆದರೆ ಸ್ಟ್ರಿಕ್ನೀನ್ ಅನ್ನುವ ವಿಷ ಅಷ್ಟು ಕಹಿ, ಕೋಕೋ ಅದನ್ನು ಮುಚ್ಚಲಾರದು ಅಂತ ಡಾಕ್ಟರ್ ಹೇಳುತ್ತಾನೆ. ಇಲ್ಲಿ ನಾನು ಪುಸ್ತಕ ಕೆಳಗಿಟ್ಟೆ. ಯಾಕೆಂದರೆ ಸ್ಟ್ರಿಕ್ನೀನ್ ಬರುವುದು ಕಾಸರಕದ ಬೀಜದಿಂದ. ಪುತ್ತೂರಿನ ಹತ್ತಿರ ನಮ್ಮ ಅಜ್ಜನ ಮನೆಯ ಗುಡ್ಡದಲ್ಲಿ ಆ ಮರ ಇತ್ತು. ಕಿತ್ತಳೆ ಬಣ್ಣದ ಹಣ್ಣು ನೋಡಲು ಚಂದ, ಮುಟ್ಟಿದರೆ ಅಜ್ಜಿ ಬೆನ್ನಿಗೆ ಬಾರಿಸುತ್ತಿದ್ದರು. ಅದೇ ಗುಡ್ಡದ ಬುಡದ ಅಡಿಕೆ ತೋಟದಲ್ಲಿ ಕೋಕೋ. ಕಾಯಿ ಒಡೆದು ಬೀಜದ ಮೇಲಿನ ಬಿಳಿ ತಿರುಳು ಚೀಪುತ್ತಿದ್ದೆವು. ಹುಳಿ ಸಿಹಿ. ಕಚ್ಚಿದರೆ ಬೀಜ ಕಹಿ. ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲೇ ಇದೆ. ವಿಷವೂ ಚಾಕೊಲೇಟೂ ಒಂದೇ ಗುಡ್ಡದ್ದು ಅಂತ ತಿಳಿಯಲು ನನಗೆ ಇಂಗ್ಲೆಂಡಿನ ಕಾದಂಬರಿ ಬೇಕಾಯಿತು, ನೋಡಿ.

ಚಾಕೊಲೇಟಿನಲ್ಲಿ ಸ್ಟ್ರಿಕ್ನೀನ್ ಹಾಕಿದ್ದು ನಿಜವಾಗಿಯೂ ನಡೆದಿದೆ. 1871ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಕ್ರಿಸ್ಟಿಯಾನಾ ಎಡ್ಮಂಡ್ಸ್ ಅನ್ನುವವಳು ಅಂಗಡಿಯ ಚಾಕೊಲೇಟ್ ಕ್ರೀಮ್ ತರಿಸಿ, ವಿಷ ಸೇರಿಸಿ, ವಾಪಸ್ ಅಂಗಡಿಗೇ ಕಳಿಸುತ್ತಿದ್ದಳು. ನಾಲ್ಕು ವರ್ಷದ ಹುಡುಗನೊಬ್ಬ ಸತ್ತ. ಅದನ್ನು ಓದುವಾಗ ನನಗೆ ನೀರೂ ಇಳಿಯಲಿಲ್ಲ. ಅದಕ್ಕೆ ಜೋಡಿ ಕೇಳಬೇಡಿ.

ಕೊನೆಯದು ಆಂಥನಿ ಬರ್ಕ್ಲಿಯ ದಿ ಪಾಯ್ಸನ್ಡ್ ಚಾಕೊಲೇಟ್ಸ್ ಕೇಸ್, 1929ರದ್ದು. ಚಾಕೊಲೇಟ್ ಪೆಟ್ಟಿಗೆ ಬಂದದ್ದು ಒಬ್ಬನಿಗೆ. ಅವನಿಗೆ ಬೇಡ, ಕ್ಲಬ್ಬಿನಲ್ಲಿ ಇನ್ನೊಬ್ಬನಿಗೆ ಕೊಟ್ಟ. ಸತ್ತದ್ದು ಆ ಇನ್ನೊಬ್ಬನ ಹೆಂಡತಿ. ಆರು ಜನ ಕೂತು ಇದಕ್ಕೆ ಆರು ಬೇರೆ ಬೇರೆ ಉತ್ತರ ಹೇಳುತ್ತಾರೆ, ಪ್ರತಿಯೊಂದೂ ಸರಿ ಅನ್ನಿಸುತ್ತದೆ. ಇದಕ್ಕೆ ನಾನು ಒಳಗೆ ಹೂರಣ ತುಂಬಿದ ಚಾಕೊಲೇಟ್ ಮಾಡಿದೆ. ಅಚ್ಚಿಗೆ ಕರಗಿದ ಚಾಕೊಲೇಟ್ ಸುರಿದು ಬಗ್ಗಿಸಿದರೆ ತೆಳ್ಳಗೆ ಚಿಪ್ಪು ಉಳಿಯುತ್ತದೆ. ಹೂರಣ ತುಂಬುವ ಕೆಲಸ ಗಂಡನಿಗೆ. ಕಾಯಿ ಬೆಲ್ಲ, ಏಲಕ್ಕಿ, ಕಾಫಿ, ಏನು ಬೇಕಾದರೂ ಹಾಕು, ಒಂದರಲ್ಲಿ ಮಾತ್ರ ಜೀರಿಗೆ ಮೆಣಸು ಇರಲಿ, ನನಗೆ ಹೇಳಬೇಡ ಅಂದೆ. ಒಂದೊಂದು ಉತ್ತರ ಓದಿದ ಮೇಲೆ ಒಂದೊಂದು ತಿನ್ನುವುದು ಅಂತ ಲೆಕ್ಕ.

ಒಂದು ತಿಂದೆ, ಕಾಯಿ ಬೆಲ್ಲ. ಎರಡು, ಮೂರು, ಏನೂ ಆಗಲಿಲ್ಲ. ಐದನೆಯದು ಬಾಯಿಗೆ ಹಾಕುವಾಗ ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳುವುದಿಲ್ಲ. ಅದೂ ಕಾಫಿ. ಹಾಗಾದರೆ ಆರನೆಯದೇ ಅಂತ ತಟ್ಟೆಯನ್ನೇ ನೋಡುತ್ತಾ ಕೂತಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಜೋರಾಗಿ ಕೆಮ್ಮು ಕೇಳಿಸಿತು. ಏಳು ಮಾಡಿದ್ದನಂತೆ. ಮಿಕ್ಕಿದ್ದು ತನಗೆ ಅಂತ ಎತ್ತಿಟ್ಟುಕೊಂಡಿದ್ದನಂತೆ.